ಕೇಳಿಸದ ಪಾಠ

ಅಭ್ಯಾಸ ಬೋಧನೆಯ ದಿನಗಳಲ್ಲಿ ನಾವು ಮೂವರು ಚಿತ್ರದುರ್ಗದ ಒಂದೇ ಕೊಠಡಿಯಲ್ಲಿದ್ದೆವು. ಬೆಳಿಗ್ಗೆ ಒಬ್ಬ ಹೊಳಲ್ಕೆರೆಯ ಬಸ್ಸು ಹತ್ತಿದರೆ ಇನ್ನೊಬ್ಬ ಹೊಸದುರ್ಗದ್ದು, ನಾನು ಹಿರಿಯೂರಿನದು. ರಾತ್ರಿ ಪಾಠ ಯೋಜನೆ ಬರೆದು ಮುಗಿಸಿದ ಮೇಲೆ ಮೊಬೈಲಿನಲ್ಲಿ ‘ಗೆಟ್ ಸ್ಮಾರ್ಟ್’ ಧಾರಾವಾಹಿಯ ಒಂದು ಕಂತು ನೋಡಿಯೇ ಮಲಗುತ್ತಿದ್ದೆವು.

ಇದು 1965ರಿಂದ 1970ರವರೆಗೆ ಅಮೆರಿಕದ ಟಿವಿಯಲ್ಲಿ ಬಂದ ಗೂಢಚಾರ ಹಾಸ್ಯ. ನಮ್ಮಲ್ಲಿ ರಾಜ್‌ಕುಮಾರ್ ‘ಜೇಡರ ಬಲೆ’ (1968) ಚಿತ್ರದಲ್ಲಿ ಸಿಐಡಿ 999 ಆಗಿ ಖಳರನ್ನು ಸದೆಬಡಿಯುತ್ತಿದ್ದ ಕಾಲ. ಅಲ್ಲಿ ಏಜೆಂಟ್ 86 ಮ್ಯಾಕ್ಸ್‌ವೆಲ್ ಸ್ಮಾರ್ಟ್ ತನ್ನ ಬೂಟನ್ನೇ ಫೋನು ಮಾಡಿಕೊಂಡು, ಹೆಜ್ಜೆಗೊಮ್ಮೆ ಎಡವುತ್ತಿದ್ದ. ಜಾಣತನ ಜೊತೆಗಾತಿ ಏಜೆಂಟ್ 99ರದು, ಜಂಬ ಇವನದು.

ನನಗೆ ಅದರಲ್ಲಿ ಬಹಳ ಇಷ್ಟವಾದದ್ದು ‘ಕೋನ್ ಆಫ್ ಸೈಲೆನ್ಸ್’. ಗುಟ್ಟು ಮಾತಾಡಬೇಕಾದಾಗ ಸ್ಮಾರ್ಟ್ ಮತ್ತು ಅವನ ಮುಖ್ಯಸ್ಥನ ತಲೆಯ ಮೇಲೆ ಪಾರದರ್ಶಕ ಗುಮ್ಮಟ ಇಳಿಯುತ್ತದೆ. ಒಳಗಿದ್ದ ಇಬ್ಬರೂ ಗಂಟಲು ಹರಿಯುವಂತೆ ಕೂಗಿದರೂ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದು. ಹೊರಗೆ ನಿಂತವರಿಗೆ ಸ್ಪಷ್ಟವಾಗಿ ಕೇಳುತ್ತದೆ!

ಒಂದು ದಿನ ಎಂಟನೆಯ ತರಗತಿಗೆ ವಾಣಿವಿಲಾಸ ಸಾಗರದ ಪಾಠ ಮಾಡಿದೆ. ವೇದಾವತಿಗೆ ಅಡ್ಡಲಾಗಿ ಕಟ್ಟಿದ್ದು, 1907ರಲ್ಲಿ ಮುಗಿದದ್ದು, 130 ಅಡಿ ಎಂದೆಲ್ಲ ಹೇಳುತ್ತಿದ್ದಾಗ ಒಬ್ಬ ಹುಡುಗಿ ಎದ್ದಳು: “ಸಾರ್, ಮಾರಿಕಣಿವೆ ಕೋಡಿ ಬಿದ್ದಾಗ ನೋಡೋಕೆ ಹೋಗಿದ್ವಿ. ಅಷ್ಟು ವರ್ಷ ಯಾಕೆ ಬಿದ್ದಿರಲಿಲ್ಲ?” ಹಿಂದಿನ ಬೆಂಚಿನಲ್ಲಿ ವೀಕ್ಷಕರು ಕುಳಿತಿದ್ದರು, ಸಮಯ ಮೀರುತ್ತಿತ್ತು. “ಅದು ಇವತ್ತಿನ ಪಾಠದಲ್ಲಿಲ್ಲ, ಕೂತ್ಕೋ” ಎಂದೆ. “ಅರ್ಥವಾಯಿತೇ?” ಎಂದಾಗ ಎಲ್ಲರೂ “ಹೂಂ ಸಾರ್” ಅಂದರು. ಮೌಲ್ಯಮಾಪನದ ಪ್ರಶ್ನೆಗೆ ಒಂದು ಕೈಯೂ ಏಳಲಿಲ್ಲ. ಆದರೂ ವೀಕ್ಷಣಾ ಪುಸ್ತಕದಲ್ಲಿ ‘ಧ್ವನಿ ಸ್ಪಷ್ಟವಾಗಿದೆ’ ಎಂಬ ಮೆಚ್ಚುಗೆಯಿತ್ತು.

ಆ ರಾತ್ರಿ ಗುಮ್ಮಟ ಇಳಿದಾಗ ಗೆಳೆಯರು ನಕ್ಕರು. ನನಗೆ ನಗು ಅರ್ಧಕ್ಕೇ ನಿಂತಿತು. ಒಳಗೆ ನಾನು ಮತ್ತು ಮಕ್ಕಳು, ಹೊರಗೆ ವೀಕ್ಷಕರು. ಪಾಠ ಕೇಳಿಸಿದ್ದು ಅವರಿಗೆ ಮಾತ್ರ. ತರಗತಿಯಲ್ಲಿದ್ದ ಏಜೆಂಟ್ 99ಳನ್ನು ನಾನೇ ಕೂರಿಸಿದ್ದೆ.

ಮುಂದಿನ ಪಾಠಕ್ಕೆ ಅವಳ ಪ್ರಶ್ನೆಯೇ ಪೀಠಿಕೆಯಾಯಿತು. 1933ರ ನಂತರ 2022ರವರೆಗೆ ಕೋಡಿ ಬೀಳದಿದ್ದುದೇಕೆ? ಮಳೆ ಕಡಿಮೆ, ಮೇಲಿನ ಕೆರೆಗಳಲ್ಲೇ ನೀರು ನಿಲ್ಲುತ್ತದೆ ಎಂದು ಮಕ್ಕಳೇ ಹೇಳಿದರು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಬಂದದ್ದನ್ನೂ ಆ ವರ್ಷದ ಭಾರಿ ಮಳೆಯನ್ನೂ ನಾನು ಸೇರಿಸಿದೆ. ಆಗ ಒಬ್ಬ ಹುಡುಗ, ಹೊಸದುರ್ಗದ ಕಡೆಯ ತನ್ನ ಮಾವನ ತೋಟ ಹಿನ್ನೀರಿನಲ್ಲಿ ಮುಳುಗಿದ್ದನ್ನು ಹೇಳಿದ. ನಮ್ಮೂರಿನ ಸಂಭ್ರಮ ಪಕ್ಕದ ತಾಲ್ಲೂಕಿಗೆ ಸಂಕಟವಾದದ್ದು ನನ್ನ ಪಾಠ ಯೋಜನೆಯಲ್ಲಿ ಇರಲೇ ಇಲ್ಲ.

ಅಂದು ಯೋಜಿಸಿದ್ದರಲ್ಲಿ ಅರ್ಧ ಉಳಿಯಿತು. ‘ಅರ್ಥವಾಯಿತೇ?’ ಎಂದು ಕೇಳುವುದನ್ನು ಅಂದಿನಿಂದ ಬಿಟ್ಟಿದ್ದೇನೆ. ಧಾರಾವಾಹಿ ನೋಡುವುದನ್ನು ಬಿಟ್ಟಿಲ್ಲ.