ಮಾರಿಸ್ ಕಾರಿನ ಮೆತ್ತೆ

ಹಳೆಯ ಕಾರೊಂದಕ್ಕೆ ಮರಳಿ ಜೀವ ಕೊಡಬೇಕೆಂದು ಹೊರಟವರನ್ನು ಮೊದಲು ಹೆದರಿಸುವುದು ಅದರ ಎಂಜಿನ್. ಆದರೆ ಆ ಭಯಕ್ಕೆ ಅರ್ಥವಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಎಲ್ಲಿಯಾದರೂ ದೊರೆಯುತ್ತದೆ. ಸವೆದ ತುಣುಕನ್ನು ಮಾದರಿಗೆಂದು ಲೇತಿನವನ ಕೈಗಿತ್ತರೆ ಸಂಜೆಯೊಳಗಾಗಿ ಅಂಥದೇ ಇನ್ನೊಂದು ಸಿದ್ಧ. ಕಾರಿನ ಒಳಗಿನ ಉಡುಗೆ ತೊಡುಗೆಯ ಮಾತೇ ಬೇರೆ. ಆಸನದ ಮೆತ್ತೆ, ಅದರ ಹೊದಿಕೆ, ಬಾಗಿಲಿನ ಒಳರಟ್ಟು, ಮೇಲಿನ ಟಾಪು, ಪಕ್ಕದ ಪರದೆ ಇವಾವುವನ್ನೂ ಲೇತಿಗೆ ಕೊಡುವಂತಿಲ್ಲ. ಅವು ಹರಿದರೆ ಹರಿದವು, ಲಡ್ಡಾದರೆ ಲಡ್ಡಾದವು.

ಮಂಡ್ಯದ ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರು ಈ ಪಾಠವನ್ನು ಕಲಿತುದು 2021ರಲ್ಲಿ. ಅವರ ತಂದೆ ಮಳವಳ್ಳಿಯಲ್ಲಿ ವೈದ್ಯರಾಗಿದ್ದವರು. 1948ರಲ್ಲಿ ಅವರು ಕೊಂಡ ಹಳೆಯ ಮಾರಿಸ್ ಏಯ್ಟ್ ಕಾರು ಊರಿನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹುಲ್ಲಿನ ನಡುವೆ ಹಲವು ದಶಕಗಳನ್ನು ಕಳೆದಿತ್ತು. 1934ರ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಈ ಪುಟ್ಟ ಕಾರಿನ ಎಂಜಿನ್ 918 ಸಿ.ಸಿ.ಯದು. 1938ರಲ್ಲಿ ರೂಪ ಬದಲಾಗುವವರೆಗೆ ಎರಡು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಹಾಗಿದ್ದೂ ನಮ್ಮ ಸೀಮೆಯಲ್ಲಿ ಇಂದು ಒಂದನ್ನು ಕಾಣುವುದು ದುರ್ಲಭ. ಮೇಷ್ಟ್ರದು 1936ರ ಕಾರು. ಗಟ್ಟಿ ಮಾಡಿಲ್ಲ, ಮಡಿಸುವ ಬಟ್ಟೆಯ ಟಾಪು.

ಕಾರಿಗೆ ಇಬ್ಬರು ಹಕ್ಕುದಾರರು. ಮೇಷ್ಟ್ರು ಒಬ್ಬರು, ಬೆಂಗಳೂರಿನಲ್ಲಿರುವ ಅವರ ಅಣ್ಣ ಮತ್ತೊಬ್ಬರು. ಅತ್ತಿಗೆಯ ಚಿಕಿತ್ಸೆಗೆ ತಿಂಗಳು ತಿಂಗಳು ಹಣ ಸುರಿಯುತ್ತಿದ್ದ ಕಾಲ ಅದು. ಹಳೆಯ ಕಾರುಗಳನ್ನು ಸಂಗ್ರಹಿಸುವ ಒಬ್ಬರು ಕೊಳ್ಳಲು ಮುಂದೆ ಬಂದಿದ್ದರು. ಓಡುವ ಸ್ಥಿತಿಗೆ ತಂದು, ಒಳಗಿನದನ್ನೆಲ್ಲ ಇಂಗ್ಲೆಂಡಿನಿಂದ ತರಿಸಿದ ಚರ್ಮ, ಬಟ್ಟೆಗಳಿಂದ ಮಾಡಿಸಿಕೊಟ್ಟರೆ ಒಂದು ಬೆಲೆ. ಇಲ್ಲವಾದರೆ ಅದರ ಅರ್ಧ. ಸಾಮಾನಿಗೆ ತಗಲುವ ವೆಚ್ಚ, ಹಡಗಿನ ಬಾಡಿಗೆ, ಸುಂಕ ಎಲ್ಲವನ್ನೂ ಕೂಡಿಸಿ ನೋಡಿದ ಮೇಷ್ಟ್ರು ಕಾಗದವನ್ನು ಮಡಿಸಿ ಪಂಚಾಂಗದೊಳಗಿಟ್ಟರು. ಅವರ ಪಿಂಚಣಿಗೆ ಎಟುಕುವ ಮಾತಾಗಿರಲಿಲ್ಲ ಅದು.

ಮೊದಲ ಪ್ರಯತ್ನ ನಗೆಪಾಟಲಾಯಿತು. ಹಳೆಯ ಮೆತ್ತೆಗಳನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ ಮೇಷ್ಟ್ರು ಹತ್ತಿರದ ಕುಷನ್ ಅಂಗಡಿಯೊಂದರಲ್ಲಿ ಫೋಮು ತುಂಬಿದ, ಹೊಳೆಯುವ ರೆಕ್ಸಿನಿನ ಹೊಸ ಆಸನಗಳನ್ನು ಹೊಲಿಸಿದರು. ನೋಡಲು ಮದುವೆ ಛತ್ರದ ಸೋಫಾದಂತೆ ಚೆಲುವಾಗಿಯೇ ಇದ್ದವು. ಕುಳಿತು ನೋಡಿದರೆ ಆಸನ ಎರಡು ಅಂಗುಲ ಎತ್ತರ! ತಲೆ ಟಾಪಿನ ಕಮಾನಿಗೆ ತಾಗಿತು, ಮೊಣಕಾಲು ಸ್ಟೀರಿಂಗಿಗೆ ಸಿಕ್ಕಿತು. ಏಪ್ರಿಲ್ ಬಿಸಿಲಿನಲ್ಲಿ ಒಂದು ಗಂಟೆ ನಿಲ್ಲಿಸಿದ ಮೇಲೆ ಅದರ ಮೇಲೆ ಕೂರುವ ಧೈರ್ಯ ಯಾರಿಗೂ ಬರಲಿಲ್ಲ.

ಮೇಷ್ಟ್ರ ಅಕ್ಕನನ್ನು ಕೊಟ್ಟ ಊರು ಮದ್ದೂರು. ಅಲ್ಲಿಗೆ ಹೋದಾಗ ಅವರು ತಮ್ಮ ಕಷ್ಟವನ್ನು ಹೇಳಿಕೊಂಡರು. ಎಪ್ಪತ್ತೈದು ದಾಟಿದ ಅಕ್ಕ ನಕ್ಕು, ಪೇಟೆಯಲ್ಲಿ ಬಸ್ಸು, ಜೀಪುಗಳ ಸೀಟು ಹೊಲಿಯುತ್ತ ಮುದುಕರಾದ ಸಾಹೇಬರೊಬ್ಬರ ಬಳಿಗೆ ಕಳುಹಿಸಿದರು. ಸಾಹೇಬರು ಹೊಸ ಆಸನವನ್ನು ಬೆರಳಿನಿಂದ ಒತ್ತಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಹಳೇದು ಎಲ್ಲಿ, ಮೇಷ್ಟ್ರೇ?”

“ಅಟ್ಟದ ಮೇಲಿದೆ. ಪೂರ್ತಿ ಹಾಳಾಗಿದೆ ಸಾಹೇಬರೇ.”

“ಹಾಳಾಗಿರ್ಲಿ. ಅದನ್ನ ಬಿಚ್ಚಿ ನೋಡ್ದೆ ಹೊಸದು ಹೊಲಿದವನು ದರ್ಜಿಯೇ ಅಲ್ಲ.”

ಮರುವಾರ ಆ ಮೆತ್ತೆಯನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದರು. ಸಾಹೇಬರು ಅದನ್ನು ಬಿಚ್ಚಿದ ರೀತಿ ಹಾಳೆ ಹರಿಯದಂತೆ ಹಳೆಯ ಗ್ರಂಥವನ್ನು ಬಿಡಿಸುವ ರೀತಿ. ಎಲ್ಲಕ್ಕೂ ಮೇಲೆ ಕಂದು ರೆಕ್ಸಿನು. ಅದು ಕೊನೆಯ ದಿನಗಳದು. ಅದರ ಕೆಳಗೆ ಖಾಕಿ ಬಟ್ಟೆ. ಖಾಕಿಯ ಕೆಳಗೆ ಗೋಣಿತಾಟು, ತಾಟಿನೊಳಗೆ ತೆಂಗಿನ ನಾರು. ಎಲ್ಲಕ್ಕೂ ಕೆಳಗೆ, ಸ್ಪ್ರಿಂಗುಗಳ ಮೂಲೆಯಲ್ಲಿ, ಸುರುಳಿ ಸುರುಳಿಯಾದ ಕುದುರೆಕೂದಲು. ಮರದ ಚೌಕಟ್ಟಿನ ಮೊಳೆಯೊಂದನ್ನು ಕಿತ್ತಾಗ ಅದರ ತಲೆಯಡಿ ಉಗುರಿನಷ್ಟು ಚರ್ಮ ಉಳಿದಿತ್ತು. ಬಿಸಿಲು ಕಾಣದ ಅದರ ಬಣ್ಣ ಅಚ್ಚ ಹಸಿರು. ಗೋಣಿತಾಟನ್ನು ಬೆಳಕಿಗೆ ಹಿಡಿದ ಮೇಷ್ಟ್ರು ಕನ್ನಡಕವನ್ನು ಸರಿಪಡಿಸಿಕೊಂಡರು. ಅದು ಸಕ್ಕರೆಯ ಚೀಲ. ಮಾಸಿದ ಇಂಗ್ಲಿಷ್ ಅಕ್ಷರಗಳಲ್ಲಿ ‘ಮಂಡ್ಯ’ ಎಂದು ಓದಲು ಬರುತ್ತಿತ್ತು.

1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯ ಚೀಲಗಳು ಆಗ ಈ ಸೀಮೆಯಲ್ಲಿ ಯಾವ ಮನೆಯಲ್ಲಿರಲಿಲ್ಲ? ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲೇ ಪಡಿತರಕ್ಕೆ ಬಂದಿತ್ತು. ಇನ್ನು ಕಾರಿನ ಮೆತ್ತೆಗೆ ಕುದುರೆಕೂದಲನ್ನು ಹಡಗಿನಲ್ಲಿ ಕಳುಹಿಸುವವರು ಯಾರು? ಯುದ್ಧ ಮುಗಿದ ಮೇಲೂ ಆಮದಿನ ಕಟ್ಟುಪಾಡು ಸಡಿಲಲಿಲ್ಲ. ಕಾರುಗಳನ್ನು ಇಲ್ಲಿಯೇ ತಯಾರಿಸದೆ ಬರಿದೆ ಜೋಡಿಸುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳೇ 1950ರ ದಶಕದ ಮೊದಲರ್ಧದಲ್ಲಿ ಭಾರತದಿಂದ ಗಂಟುಮೂಟೆ ಕಟ್ಟಿದವು. ಆ ಕಾಲದ ಯಾವನೋ ಕುಶಲಿ ಕೈಗೆ ಸಿಕ್ಕ ಸಕ್ಕರೆ ಚೀಲವನ್ನೂ ತೆಂಗಿನ ನಾರನ್ನೂ ಹಿಡಿದು ದಬ್ಬಳದಿಂದ ಹೊಲಿದಿದ್ದ. ಅದರ ಮೇಲೆ ಕುಳಿತೇ ಡಾಕ್ಟರು ಹಳ್ಳಿಗಳಿಗೆ ಹೋಗಿಬಂದಿದ್ದರು. ಹಾಗಿದ್ದ ಮೇಲೆ ಈ ಕಾರಿಗೆ ‘ಮೂಲ’ ಎಂಬುದು ಯಾವುದು?

ಅಂದಿನಿಂದ ಮೇಷ್ಟ್ರ ಹುಡುಕಾಟದ ದಿಕ್ಕೇ ತಿರುಗಿತು. ಅದರಂತೆ ಕಾಣುವುದು ಏನು ಎಂದು ಕೇಳುವುದನ್ನು ಬಿಟ್ಟು, ಅದು ಮಾಡುತ್ತಿದ್ದ ಕೆಲಸವೇನು ಎಂದು ಕೇಳತೊಡಗಿದರು. ಕುದುರೆಕೂದಲನ್ನು ಹಗ್ಗದಂತೆ ಹೊಸೆದು, ಹಬೆಯಲ್ಲಿ ಬೇಯಿಸಿ, ಮತ್ತೆ ಬಿಡಿಸುತ್ತಿದ್ದರಂತೆ. ಆಗ ಒಂದೊಂದು ಎಳೆಯೂ ಸುರುಳಿಯಾಗಿ ಸಣ್ಣ ಸ್ಪ್ರಿಂಗಿನಂತೆ ಮಣಿದು ಏಳುತ್ತದೆ, ನಡುವೆ ಗಾಳಿಯಾಡುತ್ತದೆ. ತೆಂಗಿನ ನಾರಿಗೂ ಇದೇ ಸಂಸ್ಕಾರ: ಹೊಸೆದು, ಬಿಡಿಸಿ, ಸುರುಳಿಯಾದ ಎಳೆಗಳ ಮೇಲೆ ರಬ್ಬರಿನ ಹಾಲನ್ನು ಸಿಂಪಡಿಸಿದರೆ ಅದೇ ರಬ್ಬರು ನಾರಿನ ಮೆತ್ತೆ. 1962ರಲ್ಲಿ ಮಣಿಪಾಲದಲ್ಲಿ ಹುಟ್ಟಿದ ಕರ್ಲಾನ್ ಸಂಸ್ಥೆ ಇಂಥ ಹಾಸಿಗೆಗಳಿಂದಲೇ ಮನೆಮಾತಾಯಿತು. ಎಳನೀರಿನ ಮಾರುಕಟ್ಟೆಗೆ ಹೆಸರಾದ ಮದ್ದೂರಿನಲ್ಲಿ ನಾರಿಗೆ ಬರವೇ ಎಂದು ಮೇಷ್ಟ್ರು ಹಿಗ್ಗಿದ್ದರು. ಎಳೆಯ ಕಾಯಿಯ ನಾರು ಮೆದು, ಹಗ್ಗಕ್ಕೆ ಸರಿ. ಮೆತ್ತೆಗೆ ಬಲಿತ ಕಾಯಿಯ ಬಿರುಸು ನಾರೇ ಬೇಕು ಎಂದು ಸಾಹೇಬರು ಅವರನ್ನು ನೆಲಕ್ಕಿಳಿಸಿದರು. ಹಳೆಯ ಸ್ಪ್ರಿಂಗಿನ ಮೇಲೆ ಹೊಸ ತಾಟು, ಅದರ ಮೇಲೆ ತೆಳುವಾಗಿ ಕತ್ತರಿಸಿದ ರಬ್ಬರು ನಾರು, ಅದಕ್ಕೊಂದು ಹತ್ತಿಯ ಹೊದಿಕೆ. ಕುಳಿತಾಗ ತಲೆಗೂ ಟಾಪಿಗೂ ಮೊದಲಿನಂತೆಯೇ ಒಂದು ಗೇಣಿನ ಅಂತರ ಉಳಿಯಿತು.

ಹಸಿರು ಚರ್ಮದ ಸಮಸ್ಯೆ ಸುಲಭವಾಗಿಯೇ ಬಗೆಹರಿಯಿತು. ಆಸನದ ಮುಖ ನೆರಿಗೆ ನೆರಿಗೆಯಾಗಿದ್ದುದರಿಂದ ಅಗಲವಾದ ಹಸುವಿನ ಚರ್ಮವೇ ಬೇಕೆಂಬ ಕಡ್ಡಾಯವಿರಲಿಲ್ಲ. ಸಣ್ಣ ಮೇಕೆಯ ಚರ್ಮವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಜೋಡಣೆಯನ್ನು ನೆರಿಗೆಯೊಳಗೆ ಮರೆಮಾಡಬಹುದು. ತಮಿಳುನಾಡಿನ ಆಂಬೂರಿನಿಂದ ಚರ್ಮ ಬಂತು. ನಮ್ಮ ಹೊಲಗಳ ಬದಿಯಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿ ಗಿಡದ ತೊಗಟೆಯಿಂದಲೇ ದಕ್ಷಿಣ ಭಾರತದ ಚರ್ಮವನ್ನು ಹಿಂದೆ ಹದಮಾಡುತ್ತಿದ್ದರೆಂಬುದು ಎಷ್ಟು ಜನರಿಗೆ ಗೊತ್ತು!

ಬಾಗಿಲಿನ ಒಳಹೊದಿಕೆ ಮಾತ್ರ ಮೇಷ್ಟ್ರನ್ನು ತಿಂಗಳುಗಟ್ಟಲೆ ಅಲೆಸಿತು. ಇಂದು ಅಂಗಡಿಯಲ್ಲಿ ರೆಕ್ಸಿನ್ ಎಂದು ಕೊಡುವುದು ಹಿಗ್ಗುವ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹಚ್ಚಿದ್ದು. ಇಂಗ್ಲೆಂಡಿನ ಮೂಲ ರೆಕ್ಸಿನ್ ಬೇರೆಯೇ: ಬಿಗಿಯಾಗಿ ನೇಯ್ದ ಹತ್ತಿಬಟ್ಟೆಗೆ ನೈಟ್ರೋಸೆಲ್ಯುಲೋಸ್, ಕರ್ಪೂರದ ಎಣ್ಣೆ, ಬಣ್ಣ ಬೆರೆಸಿದ ಲೇಪ, ತೆಳು, ಮಂಕು, ಎಳೆದರೆ ಹಿಗ್ಗದು. ಅಂಥದು ಎಲ್ಲಿ ಸಿಕ್ಕೀತು? ಉತ್ತರ ಅವರ ವೃತ್ತಿಯಲ್ಲೇ ಅಡಗಿತ್ತು. ಹಳೆಯ ಶಾಲೆಗೆ ಒಂದು ದಿನ ಹೋದಾಗ ಮೇಜಿನ ಮೇಲಿದ್ದ ದಾಖಲಾತಿ ರಿಜಿಸ್ಟರಿನ ರಟ್ಟಿನ ಮೇಲೆ ಅವರ ಕೈ ತಾನಾಗಿ ನಿಂತಿತು. ಪುಸ್ತಕ ಕಟ್ಟುವವರ ಬಟ್ಟೆ! ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಸಿರು ಬಣ್ಣದ್ದೇ ದೊರೆಯಿತು. ಒಳರಟ್ಟಿಗೆ ನೀರು ತಡೆಯುವ ಪ್ಲೈವುಡ್ ಹಾಕಿಸಿದಾಗ ಅದು ದಪ್ಪವಾಗಿ ಕ್ಲಿಪ್ಪುಗಳು ಎಟುಕಲಿಲ್ಲ. ಕ್ಲಿಪ್ಪಿನ ತೂತಿನ ಸುತ್ತ ಕಾಸಿನಗಲ ಕೆತ್ತಿ ತೆಳುಮಾಡಬೇಕಾಯಿತು.

ಟಾಪಿನ ಕಮಾನುಗಳ ಕಥೆ ಮಳವಳ್ಳಿಯದು. ಇಂಗ್ಲೆಂಡಿನಲ್ಲಿ ಬಗ್ಗಿಸುವ ಕೆಲಸಕ್ಕೆಲ್ಲ ಆಷ್ ಮರ. ನಮ್ಮಲ್ಲಿ ಹಾಕಿ ಕೋಲಿಗೆ ಆ ಮರದ ಬದಲು ಬಳಸುವುದು ಹಿಪ್ಪುನೇರಳೆ. ರೇಷ್ಮೆಯ ಸೀಮೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಕಡ್ಡಿಯಾಗಿಯೇ ಪರಿಚಿತ. ಬದುವಿನ ಮೇಲೆ ಮರವಾಗಲು ಬಿಟ್ಟದ್ದು ಅಪರೂಪ. ಅಂಥ ಒಂದು ಮರ ಗಾಳಿಗೆ ಉರುಳಿದ್ದುದನ್ನು ಗಾಡಿ ಕೆಲಸದ ಆಚಾರ್ಯರೊಬ್ಬರು ತೋರಿಸಿದರು. ಎಣ್ಣೆಯ ಡ್ರಮ್ಮಿನಲ್ಲಿ ನೀರು ಕುದಿಸಿ, ಅಂಗುಲ ದಪ್ಪಕ್ಕೆ ಒಂದು ಗಂಟೆಯ ಲೆಕ್ಕದಲ್ಲಿ ಹಬೆ ಹಿಡಿಸಿ, ಅಚ್ಚಿಗೆ ಬಗ್ಗಿಸಿದರು. ನಾಲ್ಕರಲ್ಲಿ ಒಂದು ಸೀಳಿತು, ಮೂರು ನಿಂತವು. ಮೇಲಿನ ಬಟ್ಟೆ ಲಾರಿಗೆ ಹೊದಿಸುವ ಹತ್ತಿಯ ಟಾರ್ಪಾಲು. ಅದನ್ನು ಹತ್ತಿಯ ದಾರದಲ್ಲೇ ಹೊಲಿಯಬೇಕೆಂದು ಸಾಹೇಬರು ಹಟಹಿಡಿದರು. ಮಳೆ ಬಂದಾಗ ಹತ್ತಿಯ ದಾರ ನೀರು ಕುಡಿದು ಉಬ್ಬಿ ಸೂಜಿಯ ತೂತನ್ನು ತಾನೇ ಮುಚ್ಚುತ್ತದೆ. ಗಟ್ಟಿಯೆಂದು ಹೊಗಳುವ ಪಾಲಿಯೆಸ್ಟರಿಗೆ ಆ ಗುಣವಿಲ್ಲ.

2023ರ ವೇಳೆಗೆ ಕಾರು ಸಿದ್ಧವಾಯಿತು. ಕೊಳ್ಳುವವರ ಕಡೆಯವರು ಬಂದು, ಬಾಗಿ ನೋಡಿ, ಇಂಗ್ಲಿಷ್ ಸಾಮಾನಿಲ್ಲವೆಂದು ಅರ್ಧ ಬೆಲೆಯನ್ನೇ ಹೇಳಿದರು. ಅಷ್ಟೇ ಕೊಟ್ಟು ತಾವೇ ಇಟ್ಟುಕೊಳ್ಳುವುದಾಗಿ ಮೇಷ್ಟ್ರು ಅಣ್ಣನಿಗೆ ಫೋನು ಮಾಡಿದರು. ಆ ಕಡೆ ಬಹಳ ಹೊತ್ತು ಮೌನ.

“ಒಂದು ಮಾತು ಕೇಳುತ್ತೇನಪ್ಪಾ, ಬೇಸರಪಡಬೇಡ. ಬೆಲೆ ಇಳಿಯಲಿ ಎಂದೇ ಗೋಣಿ, ನಾರು ತುಂಬಿಸಿದೆಯೇನು?”

ಮೇಷ್ಟ್ರಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮಾತು ಸುಳ್ಳೇನೋ ಹೌದು. ಆದರೆ ಪ್ರತಿ ಬಾರಿ ಅಗ್ಗದ ಬದಲಿ ಸಾಮಾನು ಸಿಕ್ಕಿದಾಗ, ಕಾರು ತಮ್ಮಲ್ಲೇ ಉಳಿಯಬಹುದೆಂದು ಒಳಗೊಳಗೇ ಹಿಗ್ಗಿದ್ದೂ ಸುಳ್ಳಲ್ಲ. ಆಸ್ಪತ್ರೆಯ ಬಿಲ್ಲು ಕಟ್ಟುತ್ತಿದ್ದ ಅಣ್ಣನಿಗೆ ಆ ಹಿಗ್ಗು ದೂರದಿಂದಲೇ ಕೇಳಿಸಿತ್ತೇನೋ. ಬೆಳಗ್ಗೆ ಎದ್ದವರೇ ಹಳೆಯ ಸಕ್ಕರೆ ಚೀಲದ ತುಂಡನ್ನು ಕೈಚೀಲದಲ್ಲಿಟ್ಟುಕೊಂಡು ಬೆಂಗಳೂರಿನ ಬಸ್ಸು ಹತ್ತಿದರು. ಚೀಲವನ್ನು ಅಣ್ಣನ ಮುಂದೆ ಹರಡಿ, ಇಂಗ್ಲಿಷ್ ಸಾಮಾನು ಹಾಕಿದ್ದರೆ ಬರುತ್ತಿದ್ದ ಬೆಲೆಯ ಅರ್ಧವನ್ನೇ ಅಣ್ಣನ ಪಾಲೆಂದು ಒಪ್ಪಿ, ಒಂದಿಷ್ಟನ್ನು ಅಂದೇ, ಉಳಿದುದನ್ನು ಪಿಂಚಣಿಯಿಂದ ಕಂತಾಗಿ ಕೊಡುವುದಾಗಿ ಹೇಳಿದರು. ಅಣ್ಣ ಬೇಡವೆನ್ನಲಿಲ್ಲ. ಬೇಡವೆನ್ನುವ ಸ್ಥಿತಿಯಲ್ಲೂ ಅವರಿರಲಿಲ್ಲ. ಅವರು ಚೀಲದ ಅಕ್ಷರಗಳ ಮೇಲೆ ಬೆರಳಾಡಿಸುತ್ತ, “ಅಪ್ಪ ಇದರ ಮೇಲೇ ಕೂತಿದ್ದರೇ?” ಎಂದಷ್ಟೇ ಕೇಳಿದರು.

ದಸರಾ ರಜೆಯಲ್ಲಿ ಅಕ್ಕನನ್ನು ಕೂರಿಸಿಕೊಂಡು ಮಳವಳ್ಳಿಯಿಂದ ಮದ್ದೂರಿಗೆ ಕಾರು ಹೊರಟಿತು. ಸಣ್ಣ ಮಳೆ ಹಿಡಿದುಕೊಂಡಿತು, ಟಾಪು ಸೋರಲಿಲ್ಲ. ಅಕ್ಕ ಮಾತ್ರ ಪಕ್ಕದ ಪರದೆಯ ಪಾರದರ್ಶಕ ಹಾಳೆಗೆ ಮೂಗು ತಾಗಿಸಿ ತಲೆಯಾಡಿಸಿದರು. “ಎಲ್ಲಾ ಸರಿ ಕಣೋ. ಆದರೆ ಬಿಸಿಲು ಬಿದ್ದಾಗ ಅಪ್ಪನ ಕಾರಿನಲ್ಲಿ ದೇವರಮನೆಯ ವಾಸನೆ ಬರುತ್ತಿತ್ತು. ಇದರಲ್ಲಿಲ್ಲ.”

ಮೇಷ್ಟ್ರಿಗೆ ಥಟ್ಟನೆ ಹೊಳೆಯಿತು. ಹಳೆಯ ಪರದೆಯ ಕಿಟಕಿಗಳು ಸೆಲ್ಯುಲಾಯ್ಡಿನವು. ಸೆಲ್ಯುಲಾಯ್ಡಿಗೆ ಬೆರೆಸುವುದು ಕರ್ಪೂರವನ್ನೇ. ಅದು ಹಳದಿಗಟ್ಟಿ ಸೀಳಿತ್ತು, ಮೇಲಾಗಿ ಕಿಡಿ ತಾಗಿದರೆ ಭಗ್ಗೆಂದು ಹೊತ್ತಿಕೊಳ್ಳುವ ವಸ್ತು. ಅದಕ್ಕೇ ಕಿತ್ತು, ಪ್ಲಾಸ್ಟಿಕ್ ಹಾಳೆ ಹಾಕಿಸಿದ್ದರು.

ಬದಲಾಯಿಸಿದ ಪ್ರತಿಯೊಂದು ವಸ್ತುವಿನ ಹಳೆಯ ತುಂಡು, ಹೊಸ ತುಂಡು ಎರಡನ್ನೂ ಅಕ್ಕಪಕ್ಕದಲ್ಲಿ ಅಂಟಿಸಿ, ಕೆಳಗೆ ತಾರೀಖು ಬರೆದ ನೋಟುಪುಸ್ತಕವೊಂದು ಮೇಷ್ಟ್ರ ಬಳಿ ಇದೆ. ಮುಂದೆ ಈ ಕಾರನ್ನು ಯಾರು ಬಿಚ್ಚಿದರೂ ಯಾವುದು ಎಂದಿನದೆಂದು ಅವರಿಗೆ ತಿಳಿಯಬೇಕಷ್ಟೆ. ಸೆಲ್ಯುಲಾಯ್ಡಿನ ಒಂದು ಚೂರನ್ನು ಮಾತ್ರ ಅದರಲ್ಲಿ ಅಂಟಿಸಿಲ್ಲ. ಅದು ಮನೆಯ ಹೊರಗಿನ ಗೂಡಿನಲ್ಲಿ, ತಗಡಿನ ಡಬ್ಬಿಯೊಳಗಿದೆ. ಅಕ್ಕ ಮಂಡ್ಯಕ್ಕೆ ಬಂದಾಗ ಅದನ್ನು ತೆಗೆಸಿ, ಸೆರಗಿಗೆ ಉಜ್ಜಿ, ಮೂಸಿ ನೋಡಿ ಮತ್ತೆ ಡಬ್ಬಿಗೆ ಹಾಕಿಸುತ್ತಾರೆ.