ಸರೋವರದ ಚಿತ್ರವಿದ್ದ ಧ್ವನಿಮುದ್ರಿಕೆ

ನನ್ನ ತಮ್ಮ ತೀರಿಕೊಂಡ ಮೇಲೆ ಅವನ ಹೆಂಡತಿ ಒಂದು ರಟ್ಟಿನ ಪೆಟ್ಟಿಗೆಯನ್ನು ನನ್ನ ಕೈಗಿತ್ತಳು. "ಭಾವನವರೇ, ಇವನ್ನು ನೀವೇ ಇಟ್ಟುಕೊಳ್ಳಿ. ನನಗೆ ಇದರ ತಲೆಬುಡ ತಿಳಿಯದು" ಎಂದಳು. ಒಳಗೆ ಇದ್ದುದೆಲ್ಲ ಜಾಜ್ ಸಂಗೀತದ ಸಿ.ಡಿ.ಗಳು. ನನಗಾದರೂ ಏನು ತಿಳಿದಿತ್ತು? ರಾಮನವಮಿಯ ಕಛೇರಿಗಳಲ್ಲಿ ಕಿವಿ ಪಳಗಿದವನು ನಾನು; ಜಾಜ್ ಎಂದರೆ ಗದ್ದಲವೆಂದೇ ಎಣಿಸಿದ್ದೆ. "ಅಣ್ಣಾ, ಒಂದು ಸಲ ಕೇಳಿ ನೋಡು" ಎಂದು ಅವನು ಹಿಂದೊಮ್ಮೆ ಹೇಳಿದಾಗ ಮಾತು ತೇಲಿಸಿಬಿಟ್ಟಿದ್ದೆ. ಆಮೇಲೆ ತಂದೆಯ ಮನೆಯ ಪಾಲಿನ ವಿಚಾರದಲ್ಲಿ ಮನಸ್ಸು ಕೆಟ್ಟು, ಒಂಬತ್ತು ವರ್ಷ ಮದುವೆ-ಮುಂಜಿಗಳಲ್ಲಿ ಕ್ಷೇಮ ವಿಚಾರಿಸಿದ್ದಷ್ಟೇ ನಮ್ಮ ಮಾತು.

ಹೊದಿಕೆಯ ಮೇಲೆ ಸರೋವರದಂಚಿನ ಹಳೆಯ ಕೋಟೆಯ ಚಿತ್ರವಿದ್ದ ಒಂದನ್ನು, ಚಿತ್ರ ಚೆನ್ನಾಗಿದೆಯೆಂಬ ಒಂದೇ ಕಾರಣಕ್ಕೆ, ಮೊದಲು ಹಾಕಿದೆ. ಅದು ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರಿನ ಜಾಜ್ ಉತ್ಸವದಲ್ಲಿ 1968ರ ಜೂನ್ 15ರಂದು ಶ್ರೋತೃಗಳೆದುರೇ ಮುದ್ರಿಸಿಕೊಂಡದ್ದು. ಉತ್ಸವಕ್ಕೆ ಆಗ ಎರಡನೆಯ ವರ್ಷ. ಪಿಯಾನೊ ಬಿಲ್ ಇವಾನ್ಸ್, ಬಾಸ್ ಎಡ್ಡಿ ಗೊಮೆಜ್, ಡ್ರಮ್ಸ್ ಜ್ಯಾಕ್ ಡಿಜಾನೆಟ್. ಮುಂದಿನ ವರ್ಷ ಇದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂದಿತು.

ಬಾಸ್ ಎಂಬುದು ಆಳೆತ್ತರದ ಪಿಟೀಲು. ನಿಂತು ಬೆರಳಿನಿಂದ ಮೀಟುತ್ತಾರೆ. ಲಯ ಕಾಯ್ದುಕೊಂಡು ಹಿಂದೆ ನಿಲ್ಲುವುದೇ ಅದರ ಕೆಲಸವೆಂದು ಅಂದುಕೊಂಡಿದ್ದೆ. ಇಲ್ಲಿ ಹಾಗಿಲ್ಲ. ಪಿಯಾನೊ ವಾಕ್ಯವನ್ನು ಅರ್ಧಕ್ಕೆ ಬಿಟ್ಟರೆ ಬಾಸ್ ಅದನ್ನು ಎತ್ತಿಕೊಳ್ಳುತ್ತದೆ. ಕೆಲವೊಮ್ಮೆ ಮುಗಿಯುವ ಮೊದಲೇ ಅಡ್ಡ ಮಾತಾಡುತ್ತದೆ. ಆದರೂ ಜಗಳವೆನಿಸುವುದಿಲ್ಲ. 'ಎಂಬ್ರೇಸಬಲ್ ಯೂ' ಎಂಬ ಗರ್ಶ್‌ವಿನ್ನನ ಹಾಡಿನಲ್ಲಂತೂ ರಾಗವನ್ನೇ ಬಾಸಿಗೆ ಒಪ್ಪಿಸಿ, ಇವಾನ್ಸ್ ಪಕ್ಕವಾದ್ಯದವರಂತೆ ಹಿಂದೆ ಸರಿದುಕೊಳ್ಳುತ್ತಾರೆ. ಯಜಮಾನನೊಬ್ಬ ಹೀಗೆ ಜಾಗ ಬಿಟ್ಟುಕೊಟ್ಟದ್ದನ್ನು ನಾನು ಮತ್ತೆ ಮತ್ತೆ ಹಾಕಿ ಕೇಳಿದೆ.

ಇವಾನ್ಸ್‌ಗೆ ಈ ಪದ್ಧತಿ ದಕ್ಕಿದ್ದು ಸ್ಕಾಟ್ ಲಫಾರೊ ಎಂಬ ತರುಣ ಬಾಸ್ ವಾದಕನ ಜೊತೆಗೆ. ಅವರು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ 1961ರ ಜೂನ್ 25ರಂದು ನುಡಿಸಿದ್ದು ಮುದ್ರಣವಾಗಿದೆ. ಎರಡು ವಾರ ಕಳೆಯುವ ಮೊದಲೇ ಲಫಾರೊ ಕಾರು ಅಪಘಾತದಲ್ಲಿ ಮಡಿದ. ವಯಸ್ಸು 25. ಇವಾನ್ಸ್ ತಿಂಗಳುಗಟ್ಟಲೆ ಸಭೆಯ ಮುಂದೆ ಪಿಯಾನೊ ಮುಟ್ಟಲಿಲ್ಲ. ಇದನ್ನು ಓದಿಕೊಂಡ ಮೇಲೆ, 'ಐ ಲವ್ಸ್ ಯೂ ಪೋರ್ಗಿ'ಯನ್ನು ಅವರು ಒಬ್ಬರೇ ನುಡಿಸುವಾಗ ಪಕ್ಕದ ಇಬ್ಬರ ಮೌನವೂ ನನಗೆ ಕೇಳಿಸತೊಡಗಿತು.

ಡಿಜಾನೆಟ್ ಈ ತಂಡದಲ್ಲಿದ್ದುದು ಕೆಲವೇ ತಿಂಗಳು. ಬಳಿಕ ಮೈಲ್ಸ್ ಡೇವಿಸ್ ಬಳಿಗೆ ಹೋದರು. ಈ ಮೂವರು ಒಟ್ಟಿಗೆ ನುಡಿಸಿದ್ದಕ್ಕೆ ದಶಕಗಳ ಕಾಲ ಈ ಮುದ್ರಿಕೆಯೊಂದೇ ಸಾಕ್ಷಿಯಾಗಿತ್ತು. ಐದು ದಿನಗಳ ನಂತರ ಜರ್ಮನಿಯಲ್ಲಿ ಮುದ್ರಿಸಿದ್ದು ಹೊರಬಂದದ್ದು 2016ರಲ್ಲಿ. ಅವರು ನುಡಿಸಿದ ಕ್ಯಾಸಿನೊ ಕಟ್ಟಡ 1971ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾಯಿತು. ಇವಾನ್ಸ್ 1980ರಲ್ಲಿ, ಡಿಜಾನೆಟ್ 2025ರಲ್ಲಿ ತೀರಿಕೊಂಡರು.

ಹೊದಿಕೆಯ ಹಿಂದಿನ ಪಟ್ಟಿಯಲ್ಲಿ 'ನಾರ್ಡಿಸ್' ಎಂಬುದರ ಎದುರು ತಮ್ಮ ಸಣ್ಣ ಗೆರೆ ಎಳೆದಿದ್ದಾನೆ. ಅದರಲ್ಲಿ ಡಿಜಾನೆಟ್ ಅವರದು ನಮ್ಮ ತನಿ ಆವರ್ತನದಂಥ ದೀರ್ಘ ವಾದನ. ಚಿಕ್ಕಂದಿನಲ್ಲಿ ಅವನು ಊಟದ ತಟ್ಟೆಯ ಮೇಲೆ ತಾಳ ಹಾಕುತ್ತಿದ್ದಾಗ "ಸುಮ್ಮನಿರೋ" ಎಂದು ಗದರುತ್ತಿದ್ದವನು ನಾನೇ.

ಮೊನ್ನೆ ಅವನ ಹೆಂಡತಿ ಫೋನ್ ಮಾಡಿದಾಗ ಅದೇ ನುಡಿಯುತ್ತಿತ್ತು. "ಇದು ಅವರು ರಾತ್ರಿ ಹಾಕುತ್ತಿದ್ದುದಲ್ಲವೇ?" ಎಂದು ಕೇಳಿದಳು. ಸದ್ದು ತಗ್ಗಿಸುತ್ತೇನೆ, ತಾಳು ಎಂದೆ. "ಬೇಡಿ, ಇರಲಿ" ಎಂದಳು.