ಬಿದ್ದ ಮರದ ಸಂಖ್ಯೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟಗಳಲ್ಲಿ ಮರಕ್ಕೆ ಹೆಸರಿಲ್ಲ, ಸ್ಥಾನವಿದೆ. ಒಂಬತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 540 ಮರ. ಯಾವ ಸಾಲು, ಸಾಲಿನಲ್ಲಿ ಎಷ್ಟನೆಯದು ಎಂದು ಹೇಳಿದರೆ ಸಾಕು, ಕೊನೆಗೌಡನು ನೇರವಾಗಿ ಆ ಬುಡಕ್ಕೇ ಹೋಗಿ ನಿಲ್ಲುತ್ತಾನೆ.

ಸಾಗರದ ಸಮೀಪದ ಮನೆಯೊಂದರ ಅಜ್ಜಯ್ಯನವರು ಈ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಪುಟಕ್ಕೊಂದು ಸಾಲು, ಗೆರೆಗೊಂದು ಮರ. ಗೆರೆಯ ಮೇಲೆ ಆ ವರ್ಷ ಬಿಟ್ಟ ಕೊನೆಗಳ ಸಂಖ್ಯೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ವಿದ್ಯೆ ಕಲಿಯುತ್ತಿದ್ದ ಮೊಮ್ಮಗಳು ರಜೆಗೆ ಬಂದವಳು ಪುಸ್ತಕವನ್ನು ತಿರುವಿ ನೋಡಿ, “ಅಜ್ಜಯ್ಯ, ಇದು ಅರೇ!” ಎಂದಳು.

“ಅರೇ ಎನ್ನುವಂಥದ್ದು ಇದರಲ್ಲೇನಿದೆ, ಕೂಸೇ?”

ಅದು ಉದ್ಗಾರವಲ್ಲ, ಹೆಸರು ಎಂದು ತಿಳಿಯಹೇಳಲು ಸ್ವಲ್ಪ ಹೊತ್ತು ಹಿಡಿಯಿತು. ಒಂದೇ ಬಗೆಯ ಅನೇಕ ಮೌಲ್ಯಗಳಿಗೆ ಒಂದೇ ಹೆಸರನ್ನಿಟ್ಟು, ಯಂತ್ರದ ಸ್ಮೃತಿಯಲ್ಲಿ ಪಕ್ಕಪಕ್ಕದ ಮನೆಗಳಲ್ಲಿರಿಸಿ, ಮನೆಯ ಸಂಖ್ಯೆಯಿಂದ ಕರೆಯುವ ಏರ್ಪಾಡು ಅದು. ಸಂಖ್ಯೆ ಮನೆಯದು, ಮೌಲ್ಯ ಒಳಗಿನದು. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.

ಅಜ್ಜಯ್ಯನವರು ಎಡವಿದ್ದು ಬೇರೆ ಕಡೆ. ಮೊದಲ ಮರದ ಸಂಖ್ಯೆ ಸೊನ್ನೆ ಎಂದದ್ದು ಅವರಿಗೆ ಅಪಶಕುನದಂತೆ ಕೇಳಿಸಿತು.

“ಸಾಲಿನ ತಲೆಯಲ್ಲಿ, ಮೊದಲ ಮರದ ಬುಡದಲ್ಲಿ ನಿಂತಿದ್ದೀರಿ. ಆ ಮರಕ್ಕೆ ಎಷ್ಟು ಅಡಿ ನಡೆಯಬೇಕು?”

“ನಡೆಯುವುದೆಲ್ಲಿ ಬಂತು!”

“ಹತ್ತನೆಯದಕ್ಕೆ?”

“ಎಂಬತ್ತೊಂದು ಅಡಿ.”

“ಒಂಬತ್ತೊಂಬತ್ತಲ ಎಂಬತ್ತೊಂದು. ಆದ್ದರಿಂದಲೇ ಹತ್ತನೆಯದರ ಸಂಖ್ಯೆ 9.”

ಯಂತ್ರವೂ ಹೀಗೆಯೇ ಗುಣಿಸಿ ಕೂಡಿ, ನೂರನೆಯ ಮನೆಯನ್ನೂ ಮೂರನೆಯದರಷ್ಟೇ ಬೇಗ ಮುಟ್ಟುತ್ತದೆ. ಆದರೂ ಅಜ್ಜಯ್ಯನವರ ಪಕ್ಷ ಒಂಟಿಯೇನಲ್ಲ: 1957ರ ಫೋರ್‌ಟ್ರಾನ್ ಭಾಷೆ ಒಂದರಿಂದಲೇ ಎಣಿಸಿತು, ಸೊನ್ನೆಯಿಂದ ತೊಡಗಿದ್ದು 1970ರ ದಶಕದಲ್ಲಿ ಹೆಸರಾದ ‘ಸಿ’.

ಆ ವರ್ಷ ಫಲವಿಲ್ಲದ ಮರಗಳನ್ನು ಕಡಿಸಬೇಕಾಗಿತ್ತು. ಮೊಮ್ಮಗಳು ಯಂತ್ರದಿಂದ ಪಟ್ಟಿ ತೆಗೆದು, ಜನರ ರೂಢಿಯಂತೆ ಒಂದರಿಂದಲೇ ಎಣಿಸಿ ಬರೆದುಕೊಟ್ಟಳು. ಆಳು ನಾಲ್ಕನೆಯ ಸಾಲಿನ ಹನ್ನೊಂದನೆಯ ಮರಕ್ಕೆ ಕೊಡಲಿಯ ಮೊದಲ ಪೆಟ್ಟು ಹಾಕಿದ. ಅಜ್ಜಯ್ಯನವರು ತಲೆಯೆತ್ತಿ ನೋಡಿದರೆ ಮೇಲೆ ಮೂರು ಕೊನೆ!

“ನಿಲ್ಲಿಸೋ!”

ಬರಡು ಮರ ಹನ್ನೆರಡನೆಯದು. ಪುಸ್ತಕ ತರಿಸಿದರು. ಹಿಂದಿನ ಮಳೆಗಾಲದ ಗಾಳಿಗೆ ಬಿದ್ದ ಆರನೆಯ ಮರದ ಎದುರು ಅವರು ಒಂದು ಅಡ್ಡಗೆರೆ ಎಳೆದಿದ್ದರು.

“ಇದನ್ನೇನು ಮಾಡಿದೆ?”

“ಖಾಲಿ ಇತ್ತು, ಅಜ್ಜಯ್ಯ. ತೆಗೆದುಬಿಟ್ಟೆ.”

ನಡುವಿನ ಮನೆಯನ್ನು ತೆಗೆದರೆ ಅರೇಯಲ್ಲಿ ಮುಂದಿನವೆಲ್ಲ ಒಂದೊಂದು ಮನೆ ಹಿಂದಕ್ಕೆ ಸರಿಯುತ್ತವೆ. ತೋಟದಲ್ಲಿ ಯಾವ ಮರವೂ ಸರಿಯುವುದಿಲ್ಲ.

“ಬರುವ ಮಳೆಗಾಲಕ್ಕೆ ಅಲ್ಲಿ ಸಸಿ ಇಡುವುದಿದೆ,” ಎಂದಷ್ಟೇ ಹೇಳಿದರು ಅಜ್ಜಯ್ಯನವರು.

ಮೊಮ್ಮಗಳು ಜಗಲಿಯಲ್ಲಿ ಕುಳಿತು ಆರನೆಯ ಮನೆಯನ್ನು ಮತ್ತೆ ತೆರೆದು, ಒಳಗೆ ಅಡ್ಡಗೆರೆ ಇಟ್ಟಳು. ಅತ್ತ ತೋಟದಲ್ಲಿ ಅಜ್ಜಯ್ಯನವರು ಹನ್ನೊಂದನೆಯ ಮರದ ಗಾಯಕ್ಕೆ ಸುಣ್ಣ ಬಳಿಯುತ್ತಿದ್ದರು.